ಧ್ವನಿತಂತ್ರಾಂಶಗಳ ಪಾಠಾಂತರ: ಗೋದಾವರಿ ತೀರದ ಕನ್ನಡವನ್ನು ದಾಖಲಿಸುವವರಿಗೆ ಕೆಲವು ಸೂಚನೆಗಳು

1. ವಿಷಯಪ್ರವೇಶ

ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು 'ಕವಿರಾಜಮಾರ್ಗ'ವು (ಸು. 850) ನಿರ್ದೇಶಿಸಿರುವುದು ನಮ್ಮ ಸಂಶೋಧಕರಿಗೆಲ್ಲ ಪರಿಚಿತವಾದ ಸಂಗತಿ. ಆ ಗೋದಾವರಿ ಹುಟ್ಟುವುದು ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಬಳಿಯ ಬ್ರಹ್ಮಗಿರಿಯಲ್ಲಿ. ಮುಂದೆ ಅದು ಹಾದುಹೋಗುವ ಪೈಠಣವಿರುವುದು 2023ರವರೆಗೆ ಔರಂಗಾಬಾದ್ ಎಂದು ಕರೆಯಲ್ಪಡುತ್ತಿದ್ದ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯ ಇದೇ ಜಿಲ್ಲೆಯ ಎಲ್ಲೋರದಲ್ಲಿದೆ. ಜಿಲ್ಲೆಯ ಒಂದು ತಾಲ್ಲೂಕಿನ ಹೆಸರು ಇಂದಿಗೂ 'ಕನ್ನಡ' ಎಂದೇ ಇದೆ. ಶಾಸನ, ಸ್ಥಳನಾಮ ಮತ್ತು ಶಿಲ್ಪಗಳ ನೆಲೆಯಿಂದ ಈ ಪ್ರದೇಶದ ಕನ್ನಡ ಸಂಬಂಧವನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಇಲ್ಲಿ ಇಂದು ಆಡಲಾಗುವ ಕನ್ನಡದ ಕಡೆಗೆ ಅಷ್ಟು ಗಮನ ಹರಿದಿಲ್ಲ.

2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ ಮಂದಿ ಕನ್ನಡವನ್ನು ತಮ್ಮ ಮಾತೃಭಾಷೆಯೆಂದು ಬರೆಯಿಸಿದ್ದಾರೆ. ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರ ಮತ್ತು ಮುಂಬಯಿಯ ಕನ್ನಡಿಗರನ್ನು ಕುರಿತು ನಮಗೆ ತಿಳಿದಿರುವಷ್ಟು ಉತ್ತರದ ಈ ಎರಡು ಜಿಲ್ಲೆಗಳ ಕನ್ನಡಿಗರನ್ನು ಕುರಿತು ತಿಳಿದಿಲ್ಲ. ಇಲ್ಲಿ ಕನ್ನಡಕ್ಕೆ ಬೇರೆ ಬೇರೆ ದಾರಿಗಳಿವೆ. 1964ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯೂ ಏರೋನಾಟಿಕ್ಸ್ ಇಂಡಿಯಾ ಸಂಸ್ಥೆಯೂ ವಿಲೀನಗೊಂಡು ಎಚ್.ಎ.ಎಲ್. ರೂಪುಗೊಂಡ ಮೇಲೆ ಬೆಂಗಳೂರಿನ ಕಾರ್ಖಾನೆಗಳೂ ನಾಸಿಕದ ಸಮೀಪದ ಓಝರ್ ಕಾರ್ಖಾನೆಯೂ ಒಂದೇ ಆಡಳಿತಕ್ಕೆ ಬಂದವು. ಮರಾಠವಾಡವಾದರೋ 1956ರವರೆಗೆ ಬೀದರ್, ಗುಲ್ಬರ್ಗ, ರಾಯಚೂರುಗಳೊಡನೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದಿತು. ಹೀಗೆ ಒಂದೆಡೆ ಉದ್ಯೋಗದ, ಇನ್ನೊಂದೆಡೆ ಹಳೆಯ ಆಡಳಿತಸಂಬಂಧದ ಹಿನ್ನೆಲೆಯಿಂದ ಬಂದ ಮನೆಗಳಲ್ಲಿ ಕನ್ನಡವು ಓದುಬರಹದ ಭಾಷೆಯಾಗಿರದೆ ಕೇವಲ ಮಾತಿನ ಭಾಷೆಯಾಗಿ ಉಳಿದುಕೊಳ್ಳುವ ಸಂಭವ ಹೆಚ್ಚು. ಇಂತಹ ಕನ್ನಡಕ್ಕೆ ಲಿಖಿತ ಆಕರವಿರುವುದಿಲ್ಲ. ಧ್ವನಿಮುದ್ರಣವೊಂದೇ ಅದರ ಓಲೆಗರಿ.

ಆ ಓಲೆಗರಿಯನ್ನು ತೆರೆಯುವ, ಓದುವ, ಅಳೆಯುವ ಸಾಧನವೆಂದರೆ ಧ್ವನಿತಂತ್ರಾಂಶ. ಈ ತಂತ್ರಾಂಶಗಳು ವರ್ಷಕ್ಕೆ ಹಲವು ಬಾರಿ ಬದಲಾಗುತ್ತವೆ. ಈ ಬದಲಾವಣೆಗಳನ್ನು ನಾವು ತಂತ್ರಜ್ಞರ ವಿಷಯವೆಂದು ಬದಿಗಿಡುವುದು ತರವಲ್ಲ. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳಿಗೆ ಕೊಡುವಷ್ಟೇ ಬೆಲೆಯನ್ನು ಅವುಗಳಿಗೂ ಕೊಡಬೇಕು. ಇದನ್ನು ಮೂರು ಉದಾಹರಣೆಗಳಿಂದ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2. ಸ್ವತಂತ್ರ ತಂತ್ರಾಂಶಗಳ ಸ್ವರೂಪ

ಭಾಷಾಸಂಶೋಧಕರು ಬಳಸುವ ಧ್ವನಿತಂತ್ರಾಂಶಗಳಲ್ಲಿ ಹೆಚ್ಚಿನವು ದೊಡ್ಡ ವಾಣಿಜ್ಯಸಂಸ್ಥೆಗಳ ಉತ್ಪನ್ನಗಳಲ್ಲ. ಒಬ್ಬರು ಅಥವಾ ಇಬ್ಬರು ವ್ಯಕ್ತಿಗಳು ತಮ್ಮ ಅಗತ್ಯಕ್ಕಾಗಿ ರಚಿಸಿ, ಅನಂತರ ಎಲ್ಲರಿಗೂ ಉಚಿತವಾಗಿ ಒದಗಿಸಿದ ಸಾಧನಗಳವು. ಕನ್ನಡಿಗರಿಗೆ ಇದು ಹೊಸ ಅನುಭವವೇನೂ ಅಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ'ವನ್ನು ಹೊರತಂದಾಗ ಒಬ್ಬ ವ್ಯಕ್ತಿಯ ಶ್ರಮದಿಂದ ಸಾವಿರಾರು ಹೊರನಾಡ ಕನ್ನಡಿಗರು ಗಣಕದಲ್ಲಿ ಕನ್ನಡ ಬರೆಯುವಂತಾಯಿತು. ಯೂನಿಕೋಡ್ ಬಳಕೆಗೆ ಬರುವ ಮೊದಲು ಬೇರೆ ಬೇರೆ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತಗಳನ್ನು ಇಂದು ತೆರೆದರೆ ಅರ್ಥವಾಗದ ಚಿಹ್ನೆಗಳು ಕಾಣುವುದೂ ನಮ್ಮೆಲ್ಲರ ಅನುಭವವೇ. ಬರೆಹಕ್ಕೆ ಒದಗಿದ ಈ ಕಷ್ಟ ಧ್ವನಿಗೂ ಒದಗಬಲ್ಲದು. ಬರೆಹವಾದರೆ ಮುದ್ರಿತ ಪ್ರತಿಯಿಂದ ಮತ್ತೆ ಅಕ್ಷರ ಜೋಡಿಸಬಹುದು. ಎಂಬತ್ತು ವರ್ಷದ ವಕ್ತೃವೊಬ್ಬರು ತೀರಿಕೊಂಡ ಮೇಲೆ ಅವರ ಮಾತನ್ನು ಮತ್ತೆ ಮುದ್ರಿಸಿಕೊಳ್ಳುವುದು ಸಾಧ್ಯವಿಲ್ಲ.

ಇಂತಹ ಸಾಧನಗಳ ಕರ್ತೃಗಳು ಪ್ರತಿ ಆವೃತ್ತಿಯೊಡನೆ ಒಂದು ಬದಲಾವಣೆಯ ಟಿಪ್ಪಣಿಯನ್ನು ಪ್ರಕಟಿಸುತ್ತಾರೆ. ಯಾವ ದೋಷವನ್ನು ಸರಿಪಡಿಸಲಾಯಿತು, ಯಾವ ಕ್ರಮವನ್ನು ಬದಲಿಸಲಾಯಿತು, ಯಾವ ಬಳಕೆದಾರರು ಏನನ್ನು ಸೂಚಿಸಿದರು ಎಂಬ ವಿವರಗಳು ಅದರಲ್ಲಿರುತ್ತವೆ. ಹಸ್ತಪ್ರತಿಯ ಅಂತ್ಯದಲ್ಲಿ ಲಿಪಿಕಾರನು ಬರೆದ ಮಾತುಗಳನ್ನು ನಾವು ಎಷ್ಟು ಆಸಕ್ತಿಯಿಂದ ಓದುತ್ತೇವೆಯೋ ಅಷ್ಟೇ ಆಸಕ್ತಿಯಿಂದ ಈ ಟಿಪ್ಪಣಿಗಳನ್ನೂ ಓದುವ ರೂಢಿ ಬೆಳೆಯಬೇಕಾಗಿದೆ.

3. ಆಡಾಸಿಟಿ: ಕಡತದ ರೂಪಾಂತರ

ಧ್ವನಿಯನ್ನು ಮುದ್ರಿಸಿಕೊಳ್ಳುವುದಕ್ಕೂ ಕತ್ತರಿಸಿ ಜೋಡಿಸುವುದಕ್ಕೂ ವ್ಯಾಪಕವಾಗಿ ಬಳಕೆಯಲ್ಲಿರುವ ಆಡಾಸಿಟಿಯನ್ನು 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಟ್ಸೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಆರಂಭಿಸಿದರು. 2000ದ ಮೇ ತಿಂಗಳಲ್ಲಿ ಅದು ಸಾರ್ವಜನಿಕರಿಗೆ ದೊರೆಯಿತು. ಅನಂತರದ ಎರಡು ದಶಕಗಳ ಕಾಲ ಸ್ವಯಂಸೇವಕರ ಸಮುದಾಯವೇ ಅದನ್ನು ಬೆಳೆಸಿತು.

ಸಂಶೋಧಕರು ಅವಶ್ಯವಾಗಿ ತಿಳಿಯಬೇಕಾದ ಬದಲಾವಣೆ 2021ರ ಮಾರ್ಚ್ ತಿಂಗಳ 3.0 ಆವೃತ್ತಿಯದು. ಅದಕ್ಕಿಂತ ಮೊದಲು ಆಡಾಸಿಟಿಯಲ್ಲಿ ಒಂದು ಕೆಲಸವನ್ನು ಉಳಿಸಿದರೆ 'ಎಯುಪಿ' ಎಂಬ ಚಿಕ್ಕ ಕಡತವೂ, ಅದೇ ಹೆಸರಿನ ಒಂದು ದತ್ತಾಂಶಕೋಶವೂ ನಿರ್ಮಾಣವಾಗುತ್ತಿದ್ದವು. ಧ್ವನಿಯಿರುತ್ತಿದ್ದುದು ಕೋಶದೊಳಗಿನ ನೂರಾರು ತುಣುಕುಗಳಲ್ಲಿ. ಚಿಕ್ಕ ಕಡತದಲ್ಲಿರುತ್ತಿದ್ದುದು ಆ ತುಣುಕುಗಳ ಅನುಕ್ರಮ ಮಾತ್ರ. ಓಲೆಗರಿಗಳೆಲ್ಲ ಒಂದು ಕಡೆ, ಅವುಗಳನ್ನು ಪೋಣಿಸುವ ದಾರ ಇನ್ನೊಂದು ಕಡೆ ಇದ್ದಂತೆ ಈ ವ್ಯವಸ್ಥೆ. ಚಿಕ್ಕ ಕಡತವನ್ನಷ್ಟೇ ನಕಲು ಮಾಡಿಕೊಂಡು ಹೋದವರಿಗೆ ಧ್ವನಿಯೇ ದೊರೆಯುತ್ತಿರಲಿಲ್ಲ. 3.0 ಆವೃತ್ತಿಯಲ್ಲಿ ಇವೆರಡನ್ನೂ ಸೇರಿಸಿ 'ಎಯುಪಿ3' ಎಂಬ ಒಂದೇ ಕಡತವಾಗಿ ಮಾಡಲಾಯಿತು. ಹೊಸ ಆವೃತ್ತಿ ಹಳೆಯ ಕಡತವನ್ನು ತೆರೆದು ಹೊಸ ರೂಪಕ್ಕೆ ತರಬಲ್ಲದು. ಆದರೆ 2.4 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳು 'ಎಯುಪಿ3' ಕಡತವನ್ನು ತೆರೆಯಲಾರವು.

ನಾಸಿಕದ ಸಂಶೋಧಕರೊಬ್ಬರು 2019ರಲ್ಲಿ ಮುದ್ರಿಸಿಕೊಂಡ ಸಾಮಗ್ರಿಯನ್ನು ಸಂಭಾಜಿನಗರದ ಇನ್ನೊಬ್ಬರು ಇಂದು ಪರಿಶೀಲಿಸಬೇಕೆಂದು ಭಾವಿಸೋಣ. ದತ್ತಾಂಶಕೋಶವಿಲ್ಲದೆ ಚಿಕ್ಕ ಕಡತವಷ್ಟೇ ಬಂದಿದ್ದರೆ ಯಾವ ಹೊಸ ಆವೃತ್ತಿಯೂ ಅದನ್ನು ಬದುಕಿಸಲಾರದು. ಆದುದರಿಂದ ಆಡಾಸಿಟಿಯ ಕಡತವನ್ನು ಕೆಲಸದ ಪ್ರತಿಯೆಂದು ಮಾತ್ರ ತಿಳಿಯಬೇಕು. ಮಾತೃಕೆಯಾಗಿ ಉಳಿಸಬೇಕಾದುದು ಮುದ್ರಣಯಂತ್ರದಿಂದ ಬಂದ ಮೂಲ 'ವೇವ್' ಕಡತ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಆಡಾಸಿಟಿ ಒಳಗೆ 32 ಬಿಟ್ ಪ್ರಮಾಣದಲ್ಲಿ ಲೆಕ್ಕಮಾಡಿ, 16 ಬಿಟ್‌ಗೆ ಇಳಿಸಿ ಹೊರಕಳಿಸುವಾಗ ತಾನಾಗಿಯೇ ಅತಿಸಣ್ಣ ಪ್ರಮಾಣದ ಗದ್ದಲವನ್ನು ಬೆರೆಸುತ್ತದೆ. ಕೇಳುವುದಕ್ಕೆ ಇದರಿಂದ ಅನುಕೂಲವೇ. ಆದರೆ ಹೀಗೆ ಹೊರಬಂದ ಕಡತವು ಮೂಲದ ಯಥಾಪ್ರತಿಯಲ್ಲವೆಂಬುದನ್ನು ಮರೆಯಬಾರದು.

2021ರ ಮೇ ತಿಂಗಳಲ್ಲಿ ಆಡಾಸಿಟಿಯು ಮ್ಯೂಸ್ ಗ್ರೂಪ್ ಎಂಬ ಸಂಸ್ಥೆಯ ವಶಕ್ಕೆ ಬಂದಿತು. ಬಳಕೆಯ ಮಾಹಿತಿಯನ್ನು ಸಂಗ್ರಹಿಸುವ ಯೋಜನೆಯೊಂದು ಅದೇ ತಿಂಗಳು ಪ್ರಕಟವಾಗಿ, ವಿರೋಧ ಬಂದುದರಿಂದ ಕೈಬಿಡಲಾಯಿತು. ಜುಲೈನಲ್ಲಿ ಹೊರಬಂದ ಗೋಪ್ಯತಾನಿಯಮವೂ ಮತ್ತೆ ವಿವಾದಕ್ಕೆ ಎಡೆಮಾಡಿತು. ಅತೃಪ್ತರಾದ ಕೆಲವರು 'ಟೆನಾಸಿಟಿ' ಎಂಬ ಬೇರೆ ಶಾಖೆಯನ್ನು ತೆರೆದರು. ಬಳಕೆದಾರರ ಧ್ವನಿಕಡತಗಳನ್ನೇ ಪಡೆಯುವ ಪ್ರಸ್ತಾಪ ಅಲ್ಲಿರಲಿಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. ಆದರೂ ನಮ್ಮನ್ನು ನಂಬಿ ಮನೆಯ ಮಾತನ್ನು ಆಡಿದ ವಕ್ತೃಗಳಿಗೆ ನಾವು ಉತ್ತರ ಹೇಳಬೇಕಾದವರು. ಯಾವ ಸಾಧನವು ಏನನ್ನು ಎಲ್ಲಿಗೆ ಕಳಿಸುತ್ತದೆಂಬುದು ನಮಗೆ ಗೊತ್ತಿರಬೇಕು. ಅಂತರಜಾಲದ ಸಂಪರ್ಕವಿಲ್ಲದ ಗಣಕದಲ್ಲಿ ಈ ಕೆಲಸ ಮಾಡುವುದು ಸರಳವಾದ ಪರಿಹಾರ.

4. ಪ್ರಾಟ್: ಅಳತೆಯ ಪಾಠಾಂತರ

ಕಡತದ ರೂಪ ಬದಲಾದರೆ ನಮಗೆ ಕೂಡಲೇ ತಿಳಿಯುತ್ತದೆ, ಕಡತ ತೆರೆಯುವುದಿಲ್ಲ. ಅಳತೆಯ ಕ್ರಮ ಬದಲಾದರೆ ತಿಳಿಯುವುದಿಲ್ಲ. ಇದು ಹೆಚ್ಚು ಅಪಾಯಕರವಾದುದು. ಇದಕ್ಕೆ ನಿದರ್ಶನ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮ ಮತ್ತು ಡೇವಿಡ್ ವೇನಿಂಕ್ ಅವರು 1990ರ ದಶಕದ ಆರಂಭದಿಂದ ರೂಪಿಸುತ್ತ ಬಂದಿರುವ 'ಪ್ರಾಟ್'. ಡಚ್ ಭಾಷೆಯಲ್ಲಿ ಈ ಪದಕ್ಕೆ ಮಾತು ಎಂದರ್ಥ. ಧ್ವನಿವಿಜ್ಞಾನದ ಅಧ್ಯಯನಗಳಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸಾಧನವಿದು.

ಈ ಪ್ರದೇಶದ ಕನ್ನಡಕ್ಕೆ ಸಂಬಂಧಿಸಿದ ಎರಡು ಪ್ರಶ್ನೆಗಳನ್ನು ತೆಗೆದುಕೊಳ್ಳಬಹುದು. ಕನ್ನಡದಲ್ಲಿ ಎ–ಏ, ಒ–ಓ ಇವುಗಳ ಹ್ರಸ್ವದೀರ್ಘ ಭೇದದಿಂದ ಅರ್ಥಭೇದವಾಗುತ್ತದೆ. ಬೆಳೆ–ಬೇಳೆ, ಕೊಡು–ಕೋಡು ಇತ್ಯಾದಿ ಜೋಡಿಗಳನ್ನು ನೋಡಬಹುದು. ಮರಾಠಿಯಲ್ಲಿ ಈ ಸ್ವರಗಳಿಗೆ ಅಂತಹ ಭೇದವಿಲ್ಲ. ಮರಾಠಿ ಶಾಲೆಯಲ್ಲಿ ಕಲಿತು ಮನೆಯಲ್ಲಿ ಮಾತ್ರ ಕನ್ನಡವಾಡುವ ತಲೆಮಾರಿನಲ್ಲಿ ಈ ಭೇದ ಉಳಿದಿದೆಯೇ? ಇದು ಮೊದಲನೆಯ ಪ್ರಶ್ನೆ. ಪ್ರಶ್ನಾರ್ಥಕ ವಾಕ್ಯಗಳ ಏರಿಳಿತದಲ್ಲಿ ಮರಾಠಿಯ ಪ್ರಭಾವವಿದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಸ್ವರಗಳ ಕಾಲಪ್ರಮಾಣವನ್ನೂ, ಎರಡನೆಯದಕ್ಕೆ ಶ್ರುತಿಯನ್ನೂ ಅಳೆಯಬೇಕಾಗುತ್ತದೆ.

ಪ್ರಾಟ್‌ನಲ್ಲಿ ಬಹುಕಾಲ ಶ್ರುತಿಯನ್ನು ಅಳೆಯುತ್ತಿದ್ದುದು ಬೂರ್ಸ್ಮ ಅವರು 1993ರಲ್ಲಿ ವಿವರಿಸಿದ ಕ್ರಮದಿಂದ. ಧ್ವನಿತರಂಗವನ್ನು ಅದರದೇ ಮುಂದಿನ ಭಾಗದೊಡನೆ ಹೋಲಿಸಿ ಆವರ್ತನೆಯ ಅಂತರವನ್ನು ಕಂಡುಹಿಡಿಯುವ ಕ್ರಮವದು. ಬಳಕೆದಾರರು ಏನನ್ನೂ ಬದಲಿಸದಿದ್ದರೆ 75ರಿಂದ 600 ಹರ್ಟ್ಸ್‌ವರೆಗಿನ ಶ್ರುತಿಯನ್ನು ಮಾತ್ರ ಅದು ಹುಡುಕುತ್ತಿತ್ತು. 2023ರ ನವೆಂಬರಿನ 6.4 ಆವೃತ್ತಿಯಲ್ಲಿ, ಮೊದಲು ಧ್ವನಿಯನ್ನು ಸೋಸಿ ಅನಂತರ ಹೋಲಿಸುವ ಕ್ರಮವನ್ನು ಸೇರಿಸಿ, ಸ್ವರಭಾರ ಮತ್ತು ಏರಿಳಿತಗಳ ಅಧ್ಯಯನಕ್ಕೆ ಅದನ್ನೇ ಮುಂದುಮಾಡಲಾಯಿತು. ಅದರ ರೂಢಿಯ ಮಿತಿಗಳು 50 ಮತ್ತು 800 ಹರ್ಟ್ಸ್. ಹಳೆಯ ಕ್ರಮವೂ ಲಭ್ಯವಿದೆ. ಆದರೆ ಅದನ್ನು ಬಳಕೆದಾರರೇ ಆರಿಸಿಕೊಳ್ಳಬೇಕು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ವಯಸ್ಸಾದ ಗಂಡಸರ ಧ್ವನಿ ವಾಕ್ಯಾಂತ್ಯದಲ್ಲಿ ಒಡೆದು 75 ಹರ್ಟ್ಸ್‌ಗಿಂತ ಕೆಳಗಿಳಿಯಬಹುದು. ಹಳೆಯ ರೂಢಿಯ ಮಿತಿಯಲ್ಲಿ ಆ ಭಾಗಕ್ಕೆ ಸರಿಯಾದ ಅಳತೆ ದೊರೆಯುವುದಿಲ್ಲ, ಹೊಸದರಲ್ಲಿ ದೊರೆಯಬಹುದು. 2022ರಲ್ಲಿ ನಾಸಿಕದ ಸಾಮಗ್ರಿಯನ್ನೂ 2024ರಲ್ಲಿ ಸಂಭಾಜಿನಗರದ ಸಾಮಗ್ರಿಯನ್ನೂ ಅಳೆದು ಎರಡೂ ಊರುಗಳ ಕನ್ನಡದ ಏರಿಳಿತದಲ್ಲಿ ವ್ಯತ್ಯಾಸವಿದೆಯೆಂದು ಯಾರಾದರೂ ತೀರ್ಮಾನಿಸಿದರೆ, ಆ ವ್ಯತ್ಯಾಸವು ವಕ್ತೃಗಳದೋ ತಂತ್ರಾಂಶದ ಆವೃತ್ತಿಯದೋ ಎಂದು ಕೇಳಲೇಬೇಕಾಗುತ್ತದೆ. ಆವೃತ್ತಿಸಂಖ್ಯೆಯನ್ನು ಬರೆದಿಡದಿದ್ದರೆ ಈ ಪ್ರಶ್ನೆಗೆ ಉತ್ತರವೇ ಸಿಗಲಾರದು. ಲಿಪಿಕಾರನ ಸ್ಖಾಲಿತ್ಯವನ್ನು ಕವಿಯ ಪ್ರಯೋಗವೆಂದು ಭ್ರಮಿಸಿದಂತೆ ಇಲ್ಲಿ ಯಂತ್ರದ ಗುಣವನ್ನು ಭಾಷೆಯ ಗುಣವೆಂದು ಭ್ರಮಿಸುವ ಅಪಾಯವಿದೆ. ಪ್ರಾಟ್‌ನ ಕರ್ತೃಗಳು ತಮ್ಮ ಸಾಧನವನ್ನು ಉಲ್ಲೇಖಿಸುವಾಗ ಆವೃತ್ತಿಸಂಖ್ಯೆಯನ್ನೂ ಪಡೆದ ದಿನಾಂಕವನ್ನೂ ನಮೂದಿಸಬೇಕೆಂದು ಸೂಚಿಸಿರುವುದರ ಔಚಿತ್ಯ ಇದರಿಂದ ಮನದಟ್ಟಾಗುತ್ತದೆ.

5. ಈಸ್ಪೀಕ್: ಕರ್ತೃವಿನ ಅನಂತರ ಸಮುದಾಯ

ಮೂರನೆಯ ಉದಾಹರಣೆ ಬರೆಹವನ್ನು ಮಾತಾಗಿಸುವ ಈಸ್ಪೀಕ್. ಬ್ರಿಟನ್ನಿನ ಜೊನಾಥನ್ ಡಡಿಂಗ್ಟನ್ ಅವರು 1995ರಲ್ಲಿ ಏಕಾರ್ನ್ ಗಣಕಗಳಿಗಾಗಿ ಬರೆದುದನ್ನು 2006ರಲ್ಲಿ ಹೊಸದಾಗಿ ರೂಪಿಸಿ ಪ್ರಕಟಿಸಿದರು. ಮನುಷ್ಯರ ಧ್ವನಿಯ ತುಣುಕುಗಳನ್ನು ಜೋಡಿಸದೆ, ಲೆಕ್ಕಾಚಾರದಿಂದಲೇ ಧ್ವನಿಯನ್ನು ನಿರ್ಮಿಸುವುದರಿಂದ ಇದು ತೀರ ಚಿಕ್ಕದು. ಆದುದರಿಂದಲೇ ಒಂದೇ ಸಾಧನದಲ್ಲಿ ಹತ್ತಾರು ಭಾಷೆಗಳಿಗೆ ಎಡೆ ದೊರೆತು, ಅವುಗಳಲ್ಲಿ ಕನ್ನಡವೂ ಸೇರಿತು. ದೃಷ್ಟಿಹೀನರು ಬಳಸುವ ಪರದೆವಾಚಕಗಳಲ್ಲಿ ಕನ್ನಡ ಕೇಳಿಬರುವುದಕ್ಕೆ ಇದೂ ಒಂದು ಆಧಾರವಾಯಿತು.

ಇದರಲ್ಲಿ ಕನ್ನಡಕ್ಕೆ ಸಂಬಂಧಿಸಿದ ಭಾಗವು ಎರಡು ಸರಳ ಪಠ್ಯಕಡತಗಳಲ್ಲಿದೆ. ಒಂದರಲ್ಲಿ ಅಕ್ಷರದಿಂದ ಉಚ್ಚಾರಣೆಗೆ ಹೋಗುವ ನಿಯಮಗಳು, ಇನ್ನೊಂದರಲ್ಲಿ ಸಂಖ್ಯಾವಾಚಕ ಮತ್ತು ಅಪವಾದಗಳ ಪಟ್ಟಿ ಇವೆ. ವ್ಯಾಕರಣದ ಸೂತ್ರ ಮತ್ತು ಗಣಪಾಠಗಳನ್ನು ಹೋಲುವ ಈ ವ್ಯವಸ್ಥೆಯನ್ನು ತಿದ್ದಲು ಗಣಕವಿಜ್ಞಾನದ ಪಾಂಡಿತ್ಯಕ್ಕಿಂತ ಭಾಷೆಯ ಜ್ಞಾನವೇ ಮುಖ್ಯ.

2015ರ ಅನಂತರ ಮೂಲಕರ್ತೃವಿನಿಂದ ಹೊಸ ಆವೃತ್ತಿಗಳು ಬರುವುದು ನಿಂತಿತು. ಒಬ್ಬರನ್ನೇ ಅವಲಂಬಿಸಿದ ಸಾಧನಗಳಿಗೆ ಒದಗಬಹುದಾದ ಸಹಜ ಸ್ಥಿತಿಯಿದು. ಮೂಲಬರೆಹವು ಮುಕ್ತ ಪರವಾನಗಿಯಲ್ಲಿದ್ದುದರಿಂದ ಅದೇ ವರ್ಷದ ಡಿಸೆಂಬರಿನಲ್ಲಿ ರೀಸ್ ಡನ್ ಅವರ ಮುಂದಾಳತ್ವದಲ್ಲಿ 'ಈಸ್ಪೀಕ್ ಎನ್‌ಜಿ' ಎಂಬ ಶಾಖೆ ಆರಂಭವಾಗಿ 2016ರಲ್ಲಿ ಅದರ ಮೊದಲ ಆವೃತ್ತಿ ಹೊರಬಂದಿತು. ಅಂದಿನಿಂದ ಬಳಕೆದಾರರ ಸಮುದಾಯವೇ ಅದನ್ನು ಕಾಪಾಡಿಕೊಂಡು ಬಂದಿದೆ. ಆ ಸಮುದಾಯದಲ್ಲಿ ಯಾವ ಭಾಷೆಯವರು ತೊಡಗುತ್ತಾರೋ ಆ ಭಾಷೆಯ ನಿಯಮಗಳು ಉತ್ತಮಗೊಳ್ಳುತ್ತವೆ. ತೊಡಗದವರ ಭಾಷೆ ಇದ್ದಂತೆಯೇ ಉಳಿಯುತ್ತದೆ.

ಇದು ಕ್ಷೇತ್ರಕಾರ್ಯದ ಸಂಶೋಧಕರಿಗೂ ಸಂಬಂಧಿಸಿದ ವಿಷಯ. ಪ್ರಾಟ್‌ನಲ್ಲಿ ಲಿಪ್ಯಂತರಿಸಿದ ವಾಕ್ಯವನ್ನು ಧ್ವನಿಯೊಡನೆ ಪದಪದವಾಗಿ ತಾನಾಗಿಯೇ ಹೊಂದಿಸುವ ಸೌಲಭ್ಯವಿದೆ. ಅದು ಕೆಲಸಮಾಡುವುದು ಈಸ್ಪೀಕ್‌ನ ನಿಯಮಗಳ ಬಲದಿಂದ. ಆ ನಿಯಮಗಳಿರುವುದು ಗ್ರಾಂಥಿಕ ಕನ್ನಡಕ್ಕೆ. ಮರಾಠಿಯ ದಂತ್ಯ ಚ-ಜಗಳು ಬೆರೆತ, ಪದಾಂತ್ಯ ಸ್ವರಗಳು ಬಿದ್ದುಹೋದ ಆಡುಗನ್ನಡಕ್ಕೆ ಅದನ್ನು ಅನ್ವಯಿಸಿದರೆ ಪದಗಳ ಗಡಿಗಳು ತಪ್ಪಾಗಿ ಬೀಳುವ ಸಂಭವವಿದೆ. ಆದುದರಿಂದ ಸ್ವರಗಳ ಕಾಲಪ್ರಮಾಣವನ್ನು ಅಳೆಯುವ ಮೊದಲು ಪ್ರತಿಯೊಂದು ಗಡಿಯನ್ನೂ ಕಿವಿಯಿಂದ ಕೇಳಿ, ಕಣ್ಣಿನಿಂದ ನೋಡಿ ತಿದ್ದಿಕೊಳ್ಳಬೇಕು.

6. ಅನುಸರಿಸಬೇಕಾದ ಕ್ರಮ

ಮೇಲಿನ ವಿವೇಚನೆಯಿಂದ ಹೊರಡುವ ಕೆಲವು ಸೂಚನೆಗಳನ್ನು ಇಲ್ಲಿ ಸಂಗ್ರಹಿಸಬಹುದು.

(ಅ) ಮಾತೃಕೆಯ ರಕ್ಷಣೆ: ಮೂಲಧ್ವನಿಯನ್ನು ಸಂಕೋಚಿಸದ ವೇವ್ ಕಡತವಾಗಿ ಉಳಿಸಬೇಕು. ಹಳೆಯ ಧ್ವನಿಸುರುಳಿಗಳನ್ನು ಅಂಕೀಕರಿಸುವಾಗ ಕನಿಷ್ಠ 48,000 ಹರ್ಟ್ಸ್ ಮತ್ತು 24 ಬಿಟ್ ಪ್ರಮಾಣವಿರಬೇಕೆಂಬುದು ಧ್ವನಿದಾಖಲೆಗಳ ಅಂತಾರಾಷ್ಟ್ರೀಯ ಸಂಘದ ಶಿಫಾರಸು. ಹೊಸ ಮುದ್ರಣಕ್ಕೂ ಇದನ್ನೇ ಅನುಸರಿಸಬಹುದು. ಈ ಪ್ರಮಾಣದಲ್ಲಿ ಏಕವಾಹಿನಿಯ ಒಂದು ಗಂಟೆಯ ಧ್ವನಿಗೆ ಸುಮಾರು 518 ಮೆಗಾಬೈಟ್ ಸ್ಥಳ ಬೇಕಾಗುತ್ತದೆ. ಇಂದಿನ ಸಂಗ್ರಹಸಾಧನಗಳಿಗೆ ಇದು ಹೊರೆಯಲ್ಲ. ಮೂಲಕಡತವನ್ನು ಯಾವ ಕಾರಣಕ್ಕೂ ತಿದ್ದಬಾರದು. ಎರಡು ಬೇರೆ ಊರುಗಳಲ್ಲಿ ಅದರ ಪ್ರತಿಗಳಿರಬೇಕು.

(ಆ) ಸಂಕೋಚನದ ವಿಷಯದಲ್ಲಿ ಎಚ್ಚರ: ಕಳಿಸಲು ಸುಲಭವೆಂದು ಎಂಪಿ3 ರೂಪಕ್ಕೆ ಪರಿವರ್ತಿಸಿದಾಗ ಧ್ವನಿಯ ಕೆಲವು ಅಂಶಗಳು ಶಾಶ್ವತವಾಗಿ ನಷ್ಟವಾಗುತ್ತವೆ. ಅಲ್ಲದೆ ಪರಿವರ್ತನೆಯ ಕ್ರಮದಲ್ಲಿ ಆರಂಭಕ್ಕೆ ಒಂದಿಷ್ಟು ಮೌನ ಸೇರಬಹುದು. ಸಾಮಾನ್ಯವಾಗಿ ಅದು 1,105 ಮಾದರಿಗಳಷ್ಟು, ಎಂದರೆ 44,100 ಹರ್ಟ್ಸ್ ದರದಲ್ಲಿ ಒಂದು ಸೆಕೆಂಡಿನ ನಲವತ್ತನೆಯ ಒಂದು ಭಾಗ. ವೇವ್ ಕಡತದ ಮೇಲೆ ಗುರುತಿಸಿದ ಗಡಿಗಳನ್ನು ಎಂಪಿ3 ಕಡತಕ್ಕೆ ಹಚ್ಚಿದರೆ ಎಲ್ಲವೂ ಅಷ್ಟು ಸರಿದಿರುತ್ತವೆ.

(ಇ) ಲಿಪ್ಯಂತರದ ರೂಪ: ಪ್ರಾಟ್‌ನ ಟಿಪ್ಪಣಿಕಡತವು ಸರಳ ಪಠ್ಯವಾದುದರಿಂದ ಯಾವ ಸಾಧನದಿಂದಲೂ ಅದನ್ನು ಓದಬಹುದು. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಬರೆದು ಉಳಿಸಬೇಕು.

(ಈ) ಪ್ರತಿಸೂಚಿ: ಪ್ರತಿಯೊಂದು ಮುದ್ರಣದೊಡನೆ ಸ್ಥಳ, ದಿನಾಂಕ, ವಕ್ತೃವಿನ ಒಪ್ಪಿಗೆ, ಮುದ್ರಣಯಂತ್ರ, ಬಳಸಿದ ತಂತ್ರಾಂಶ, ಅದರ ಆವೃತ್ತಿಸಂಖ್ಯೆ, ಅಳತೆಯ ಕ್ರಮ ಮತ್ತು ಮಿತಿಗಳು ಇವುಗಳನ್ನು ಬರೆದ ಒಂದು ಪುಟವಿರಬೇಕು. ಹಸ್ತಪ್ರತಿಗಳನ್ನು ಕ, ಖ, ಗ ಎಂದು ಗುರುತಿಸಿ ಅವುಗಳ ಲಕ್ಷಣಗಳನ್ನು ಪೀಠಿಕೆಯಲ್ಲಿ ಕೊಡುವ ಸಂಪಾದಕರ ಪದ್ಧತಿಯೇ ಇದು.

(ಉ) ಆವೃತ್ತಿಯ ಸ್ಥಿರತೆ: ಒಂದು ಅಧ್ಯಯನ ಮುಗಿಯುವವರೆಗೆ ಒಂದೇ ಆವೃತ್ತಿಯನ್ನು ಬಳಸಬೇಕು. ನಡುವೆ ಬದಲಿಸಲೇಬೇಕಾದರೆ ಮೊದಲಿನ ಸಾಮಗ್ರಿಯ ಒಂದು ಭಾಗವನ್ನು ಹೊಸದರಲ್ಲಿಯೂ ಅಳೆದು ಎರಡು ಫಲಿತಗಳನ್ನೂ ವರದಿಮಾಡಬೇಕು.

7. ಸಮಾರೋಪ

ಹೊರನಾಡಿನ ಸಂಶೋಧಕರಲ್ಲಿ ಹೆಚ್ಚಿನವರು ಒಬ್ಬಂಟಿಯಾಗಿ ದುಡಿಯುವವರು. ಪ್ರಯೋಗಾಲಯವಾಗಲಿ ತಂತ್ರಜ್ಞರ ನೆರವಾಗಲಿ ಅವರಿಗೆ ಸುಲಭವಾಗಿ ದೊರೆಯುವುದಿಲ್ಲ. ಹಣವಿಲ್ಲದೆಯೂ ಶಾಸ್ತ್ರೀಯವಾದ ಅಧ್ಯಯನ ಸಾಧ್ಯವಾಗಿರುವುದು ಮೇಲೆ ಹೇಳಿದಂತಹ ಸ್ವತಂತ್ರ ಸಾಧನಗಳಿಂದಲೇ. ಆ ಉಪಕಾರವನ್ನು ಸ್ಮರಿಸುತ್ತಲೇ ಅವುಗಳ ಮಿತಿಯನ್ನೂ ಅರಿಯಬೇಕಾಗುತ್ತದೆ. ಈ ಸಂಬಂಧ ಏಕಮುಖವಾಗಿಯೂ ಇರಬಾರದು. ಕನ್ನಡದ ಉಚ್ಚಾರಣಾನಿಯಮದಲ್ಲಿ ಕಂಡ ದೋಷವನ್ನು ಉದಾಹರಣೆಗಳೊಡನೆ ಬರೆದು ಕಳಿಸುವುದು ನಮ್ಮಿಂದ ಆಗಬಹುದಾದ ಕೆಲಸ. ಎ–ಏ ಭೇದವನ್ನು ಬಲ್ಲ ಕನ್ನಡ ವಿದ್ವಾಂಸರು ತಿದ್ದದಿದ್ದರೆ ಅದನ್ನು ಬೇರೆ ಯಾರು ತಿದ್ದಬೇಕು?

ನಾಸಿಕ ಮತ್ತು ಸಂಭಾಜಿನಗರಗಳ ಮನೆಗಳಲ್ಲಿ ಕನ್ನಡವಾಡುವ ಹಿರಿಯರು ಇರುವಾಗಲೇ ಅವರ ಮಾತನ್ನು ಮುದ್ರಿಸಿಕೊಳ್ಳುವ ಕಾರ್ಯ ಆಗಬೇಕಾಗಿದೆ. ಈಗಾಗಲೇ ಇಂತಹ ಮುದ್ರಣಗಳನ್ನು ಹೊಂದಿರುವವರು ಮೊದಲು ತಮ್ಮ ಹಳೆಯ ಕಡತಗಳನ್ನು ಒಮ್ಮೆ ತೆರೆದು ನೋಡಬೇಕು. ತೆರೆದವುಗಳನ್ನು ವೇವ್ ರೂಪಕ್ಕೆ ತಂದು, ಪ್ರತಿಸೂಚಿಯನ್ನು ಬರೆದು, ತಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನು ಒಪ್ಪಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.